ಬ್ಯಾರನ್ನಿಗೆ ಹೋದ ಹಡ್ಲು

ಆ ಮಣ್ಣಿನ ನಾತ ಎಂಥದ್ದೆಂದು ಬರೆದಿಡಲು ದಿನಚರಿಯಲ್ಲಿ ಎಂಟು ಸಲ ಪ್ರಯತ್ನಿಸಿದ್ದೇನೆ. ಎಂಟನ್ನೂ ಹೊಡೆದುಹಾಕಿದ್ದೇನೆ. ಮೊದಲ ಸಲ ‘ಕೊಳೆತ ಕೋಳಿಮೊಟ್ಟೆ’ ಎಂದಿದೆ. ಆದರೆ ಕೊಳೆತ ಮೊಟ್ಟೆಯನ್ನು ದೂರ ಎಸೆದರೆ ನಾತವೂ ಅದರ ಜೊತೆಗೇ ಹೋಗುತ್ತದೆ. ಇದು ಹೋಗುತ್ತಿರಲಿಲ್ಲ. ಉಗುರಿನ ಸಂದಿಯಲ್ಲಿ, ಅಂಗಿಯ ಹೊಲಿಗೆಯಲ್ಲಿ, ಕೈಯಲ್ಲಿ ಮುರಿದ ಮುದ್ದೆಯಲ್ಲಿ ಕೂತಿರುತ್ತಿತ್ತು. ಸೀಗೆಪುಡಿ, ಹುಣಸೆಹಣ್ಣು, ಸೀಮೆಎಣ್ಣೆ, ಮೂರನ್ನೂ ಹಚ್ಚಿ ಕೈ ಉಜ್ಜಿಕೊಂಡ ದಿನಗಳನ್ನು ಗುರುತು ಮಾಡಿಟ್ಟಿದ್ದೇನೆ. ಮೂರೂ ಸೋತವು.

ನಮ್ಮದು ಕೃಷ್ಣರಾಜನಗರದ ಕಡೆಯ ನಾಲೆ ಊರು. ಅರವತ್ತರ ದಶಕ ಮುಗಿಯುತ್ತಿದ್ದಾಗ ಪಿಯುಸಿಯಲ್ಲಿ ರಸಾಯನಶಾಸ್ತ್ರ ಒಂದರಲ್ಲೇ ಬಿದ್ದು ಮನೆಯಲ್ಲಿ ಕೂತಿದ್ದ ನನ್ನನ್ನು ಅಪ್ಪ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನಲ್ಲಿದ್ದ ಸೋದರಮಾವನ ಮನೆಗೆ ಕಳಿಸಿದರು. ಮಾವ ಹೊಗೆಸೊಪ್ಪು ಬೆಳೆಯುತ್ತಿದ್ದರು. ಎಲೆ ಬೇಯಿಸುವ ಎತ್ತರದ ಮಣ್ಣುಗೋಡೆಯ ಬ್ಯಾರನ್ ಒಂದು ಅವರಿಗಿತ್ತು. ಮಕ್ಕಳಿರಲಿಲ್ಲ. ಸಸಿಮಡಿ ಕಾಯುವುದು, ಕೂಲಿಯವರ ಜೊತೆ ನಿಲ್ಲುವುದು ನನ್ನ ಕೆಲಸ. ಉಳಿದ ಹೊತ್ತಿನಲ್ಲಿ ದಿನಕ್ಕೆ ಹತ್ತು ಸಾಲು ಬರೆಯಬೇಕೆಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಹತ್ತು ಸಾಲಿಗೆ ಆಗುವಷ್ಟು ಏನೂ ಆ ಊರಿನಲ್ಲಿ ನಡೆಯುತ್ತಿರಲಿಲ್ಲ. ಹಾಗಾಗಿ ಅಳೆಯತೊಡಗಿದೆ.

ಮಾವನ ಹೊಲ ಮುಗಿಯುವಲ್ಲಿ ಹಡ್ಲು ಶುರುವಾಗುತ್ತಿತ್ತು. ಕಾಡಿನ ಎರಡು ದಿಬ್ಬಗಳ ನಡುವಿನ ತಗ್ಗಿಗೆ ಆ ಕಡೆ ಹಡ್ಲು ಎನ್ನುತ್ತಾರೆ. ಅಲ್ಲಿ ಮರ ಬೆಳೆಯುವುದಿಲ್ಲ. ಮೇಲೆ ಆಳೆತ್ತರದ ಜೊಂಡು, ನಡುವೆ ಪಾದ ಮುಳುಗುವಷ್ಟು ನೀರು, ಕೆಳಗೆ ಮಂಡಿಯವರೆಗೆ ಹೂತುಹೋಗುವ ಕರಿಮಣ್ಣು. ಜಿಗಣೆಗಳು ಲೆಕ್ಕಕ್ಕೆ ಸಿಗುತ್ತಿರಲಿಲ್ಲ; ಒಂದು ಬೆಳಿಗ್ಗೆ ಎರಡು ಕಾಲಿನಿಂದ ಹದಿನೇಳು ಕಿತ್ತಿದ್ದೇನೆ. ಪಹಣಿಯಲ್ಲಿ ಆ ಹಡ್ಲಿನ ಬಹುಭಾಗ ಮಾವನ ಹೆಸರಿನಲ್ಲಿತ್ತು. ಅವರಿಗೆ ಅದು ಉಪಯೋಗಕ್ಕೆ ಬಾರದ ನೆಲ.

ಉಪಯೋಗವಿದ್ದುದು ದಿಬ್ಬದ ಮೇಲಿನ ಹಾಡಿಗೆ. ಕಾಡಿನ ಜನರ ಹನ್ನೊಂದು ಗುಡಿಸಲು. ಹಡ್ಲಿನ ಕೆಳತುದಿಯಲ್ಲಿ ಅವರ ಕುಡಿಯುವ ನೀರಿನ ಗುಂಡಿ ಇತ್ತು. ಬಗನಿ ಮರದ ದಪ್ಪ ಬುಡವನ್ನು ಒಳಗೆಲ್ಲ ಕೊರೆದು, ಬಳೆಯಂತೆ ಮಾಡಿ, ನೀರು ಒಸರುವ ಜಾಗದಲ್ಲಿ ನೆಲಕ್ಕಿಳಿಸಿದ್ದರು. ಎಂಥ ಬೇಸಿಗೆಯಲ್ಲೂ ಅದರೊಳಗೆ ಕನ್ನಡಿಯಂಥ ನೀರು. ಅದಕ್ಕೆ ಕೊಡ ಇಳಿಸುವಂತಿಲ್ಲ, ಮೆಟ್ಟು ಹಾಕಿಕೊಂಡು ಹತ್ತಿರ ಹೋಗುವಂತಿಲ್ಲ, ಕೈ ಅದ್ದುವಂತಿಲ್ಲ. ಒಣ ಸೋರೆಬುರುಡೆಯಲ್ಲಿ ಮೊಗೆದು ಕೊಡಕ್ಕೆ ಸುರಿದುಕೊಳ್ಳಬೇಕು. ಹಾಡಿಗೆ ಬೇರೆ ನೀರಿರಲಿಲ್ಲ. ಹೊಳೆ ದೂರ.

ಆ ಹಾಡಿಯ ಹಿರಿಯ ಹೆಂಗಸೊಬ್ಬರು ನಮ್ಮಲ್ಲಿ ಎಲೆ ಕಟ್ಟಲು ಬರುತ್ತಿದ್ದರು. ನಾನು ಅವರನ್ನು ದೊಡ್ಡವ್ವ ಎನ್ನುತ್ತಿದ್ದೆ. ಗುಂಡಿಯ ಪಕ್ಕ ಬಗ್ಗಿ ನಾನು ಕಡ್ಡಿಯಿಂದ ನೀರಿನ ಮಟ್ಟ ನೋಡುವುದನ್ನು ಮೊದಲ ಸಲ ಕಂಡಾಗ ನಗು ತಡೆಯಲಾರದೆ ಕೊಡ ಇಳಿಸಿದರು.

“ಏನ್ ಮಗಾ, ನೀರ್‌ಗೂ ಅಂಗಿ ವೊಲಿಸ್ತೀಯಾ? ಅಳತೆ ತಗಳ್ತಾ ಇದ್ದೀಯಲ್ಲ!”

“ಎಷ್ಟಿದೆ ಅಂತ ಬರೆದಿಡೋಣ ಅಂತ ದೊಡ್ಡವ್ವ.”

“ಬರೀದಿದ್ರೆ ಓಡೋಯ್ತದಾ? ನಮ್ಮವ್ವನ ಅವ್ವನ ಕಾಲ್ದಿಂದ ಅಲ್ಲೇ ಕೂತದೆ.”

ಅಂಚಿನಿಂದ ನೀರಿಗೆ ನಾಲ್ಕು ಬೆರಳು. ಆ ವರ್ಷವೆಲ್ಲ ಅದು ಮೂರಕ್ಕೂ ಐದಕ್ಕೂ ನಡುವೆ ಆಡಿತು, ಅಷ್ಟೆ.

ಹಡ್ಲಿನ ನಡುವೆಯೂ ಒಂದು ಕಬ್ಬಿಣದ ಸಲಾಕೆಯನ್ನು ಕೆಳಗಿನ ಗಟ್ಟಿ ನೆಲ ಸಿಗುವವರೆಗೆ ಬಡಿದಿದ್ದೆ. ಕರಿಮಣ್ಣಿನ ಮೇಲ್ಮಟ್ಟ ಎಲ್ಲಿದೆ ಎಂಬುದಕ್ಕೆ ಅದರ ಮೇಲೆ ಅರದಿಂದ ಗೀರು ಹಾಕುತ್ತಿದ್ದೆ. ಬ್ಯಾರನ್ನಿನ ಉಷ್ಣಮಾಪಕ ಸುಗ್ಗಿ ಮುಗಿದ ಮೇಲೆ ಮೊಳೆಯಲ್ಲಿ ಸುಮ್ಮನೆ ನೇತಾಡುತ್ತಿರುತ್ತಿತ್ತು. ಅದನ್ನು ಒಯ್ದು ಕೆಸರಿಗೆ ಚುಚ್ಚಿ ಬಿಸಿಯನ್ನೂ ನೋಡುತ್ತಿದ್ದೆ. ಒಂದೇ ಜಾಗದಲ್ಲಿ ಕೂತು, ನೂರು ಎಣಿಸುವಷ್ಟರಲ್ಲಿ ಎಷ್ಟು ಗುಳ್ಳೆ ಏಳುತ್ತವೆ ಎಂದು ಬರೆಯುತ್ತಿದ್ದೆ. ಚಳಿಯ ಬೆಳಿಗ್ಗೆ ಐದು, ಆರು. ಮಾರ್ಚಿನ ಮಧ್ಯಾಹ್ನ ನಲವತ್ತರ ಮೇಲೆ. ಬೆಂಕಿಕಡ್ಡಿ ಗೀರಿದರೆ ಗುಳ್ಳೆ ಪುಸಕ್ಕೆಂದು ಉರಿದು ಆರುತ್ತಿತ್ತು. ಬಿಸಿ ಏರಿದಂತೆ ನಾತವೂ ಏರುತ್ತಿತ್ತು. ಅದಕ್ಕೆ ಅಳತೆ ಇರಲಿಲ್ಲ. ಅಂಕಣದಲ್ಲಿ ‘ಸಹಿಸಬಹುದು’, ‘ಸಹಿಸಲಾಗದು’ ಎಂದಷ್ಟೇ ಬರೆದಿದೆ.

ಮೊದಲ ಎರಡು ವರ್ಷ ಮಳೆ ಚೆನ್ನಾಗಿತ್ತು, ಬೇಸಿಗೆ ಮೆತ್ತಗಿತ್ತು. ಜೊಂಡು ಸತ್ತು ನೀರಿಗೆ ಬೀಳುವುದು, ಅದರ ಮೇಲೆ ಹೊಸ ಜೊಂಡು. ಮಣ್ಣಿನ ಗೀರು ಒಂದು ನೂಲಿನಷ್ಟು ಮೇಲೇರಿತು. ಮೂರನೆಯ ವರ್ಷ ಹಿಂಗಾರು ಬರಲಿಲ್ಲ. ಜನವರಿಯಲ್ಲೇ ಹಡ್ಲಿನ ಮೇಲಿನ ನೀರು ಹೋಯಿತು, ಫೆಬ್ರವರಿಯಲ್ಲಿ ಮಣ್ಣು ಬಿರಿಯಿತು. ಯಾರೂ ಒಂದು ಬುಟ್ಟಿ ಮಣ್ಣು ತೆಗೆಯದಿದ್ದರೂ ಮೇಲ್ಮಟ್ಟ ಮೂರು ಬೆರಳು ಇಳಿದಿತ್ತು. ಒಣಗಿದ್ದಕ್ಕೆ ಕುಗ್ಗಿದೆ ಎಂದುಕೊಂಡೆ. ನಡುವೆ ಒಂದು ದೊಡ್ಡ ಅಡ್ಡಮಳೆ ಬಂದು ಮಣ್ಣು ನೆನೆದು ಊದಿಕೊಂಡಾಗ ಒಂದು ಬೆರಳು ವಾಪಸ್ಸು ಬಂತು. ಎರಡು ಬೆರಳು ಬರಲಿಲ್ಲ.

ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಬರುತ್ತಿದ್ದ ಗ್ರಾಮಸೇವಕರಿಗೆ ಸಲಾಕೆ ತೋರಿಸಿ, ಎರಡು ಬೆರಳು ಮಣ್ಣು ಎಲ್ಲಿ ಹೋಯಿತು ಎಂದು ಕೇಳಿದೆ. ಅವರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಹೇಳಿದರು: “ಗಾಳಿಗೆ ಹೋಯ್ತು ಕಣ್ರೀ. ಇದು ಮಣ್ಣು ಅನ್ಕೊಂಡಿದ್ದೀರಾ? ಮುಕ್ಕಾಲು ಪಾಲು ಸೊಪ್ಪು ಸದೆ. ನೀರಿನ ಒಳಗೆ ಗಾಳಿ ಆಡಲ್ಲ, ಅದಕ್ಕೇ ಪೂರ್ತಿ ಕೊಳೀದೆ ಕರ್ರಗೆ ಕೂತಿರುತ್ತೆ. ಸೌದೆ, ಇದ್ದಿಲು, ಇದು, ಎಲ್ಲಾ ಒಂದೇ ಜಾತಿ. ನೀರಿಳಿದು ಬಿಸಿಲು ಹೊಡೀತು ಅಂದ್ರೆ ಗಾಳಿ ಒಳಕ್ಕೆ ಹೋಗುತ್ತೆ. ಆಮೇಲೆ ಉರಿ ಕಾಣಿಸದ ಹಾಗೆ ಸುಟ್ಕೋತಾ ಹೋಗುತ್ತೆ.”

“ಎಷ್ಟು ವರ್ಷದ್ದು ಎಷ್ಟು ದಿನದಲ್ಲಿ ಹೋಗುತ್ತೆ?”

“ಅದನ್ನ ನೀವೇ ಅಳೀತಾ ಇದ್ದೀರಲ್ಲ, ನನ್ನ ಯಾಕೆ ಕೇಳ್ತೀರಿ?”

ಆ ಮಾತು ನನಗೆ ಹೆಮ್ಮೆ ತಂದಿತು. ಉರಿಯುತ್ತದೆಯೋ ಇಲ್ಲವೋ ನೋಡಿಯೇ ಬಿಡೋಣ ಎಂದು ಏಪ್ರಿಲ್ ಒಂಬತ್ತನೆಯ ತಾರೀಖು ಒಂದು ಕಿಲೋ ಒಣ ಹೆಂಟೆಯನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ತಂದು, ಹಿತ್ತಿಲಲ್ಲಿ ಹಳೆಯ ಬಾಣಲೆಯೊಳಗೆ ಹಚ್ಚಿದೆ. ಮೊದಲು ಬರೀ ಹಳದಿ ಹೊಗೆ. ಆಮೇಲೆ ಅಂಚಿನಲ್ಲಿ ಕೆಂಡ ಹಿಡಿಯಿತು. ಸಂಜೆಗೆ ಬೂದಿ ತೂಗಿದರೆ ನಾನೂರು ಗ್ರಾಂ. ಉಳಿದ ಆರುನೂರು ಹೋಗಿತ್ತು. ನಾನು ಆ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದೆ. ಇಪ್ಪತ್ತೊಂದು ವರ್ಷದವನಿಗೆ ತನ್ನ ಪ್ರಯೋಗ ಫಲಿಸಿದ್ದಕ್ಕಿಂತ ದೊಡ್ಡ ಸಂತೋಷವಿರಲಿಲ್ಲ.

ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಿಲ ಬಾಗಿಲಿಗೆ ಬಂದರು. “ಏನಪ್ಪಾ ಸುಡ್ತಾ ಇದ್ದೀಯ, ಸತ್ತ ಎಮ್ಮೆನಾ? ಆ ಬಾಣ್ಲೇನ ಒಳೀಕೆ ಮಾತ್ರ ತರ್ಬೇಡ.” ಅವರ ಹಿಂದೆಯೇ ಮಾವ ಬಂದರು. ಬಾಣಲೆಯ ಮೇಲೆ ಅಂಗೈ ಹಿಡಿದು ಕಾವು ನೋಡಿದರು.

“ಏನ್ಲಾ ಅಳಿಯ, ಮಣ್ಣು ಉರೀತದಾ?”

“ಮಣ್ಣಲ್ಲ ಮಾವ, ಕೊಳೀದೆ ಉಳಿದಿರೋ ಜೊಂಡು. ನೂರಾರು ವರ್ಷದ್ದು ಇರಬೇಕು.”

“ವರ್ಸದ ಕತೆ ಯಾಕ್ಲಾ ನಂಗೆ? ಉರೀತದಾ ಇಲ್ವಾ ಏಳು.”

“ಉರೀತದೆ.”

“ಅಂಗಾರೆ ಸೌದೆ ಕಣ್ಲಾ ಅದು!”

ಬ್ಯಾರನ್ನಿಗೆ ಸೌದೆ ಸಾಲುತ್ತಿರಲಿಲ್ಲ. ಕಾಡಿನ ಗಾರ್ಡುಗಳು ಗಾಡಿ ತಡೆಯುತ್ತಿದ್ದರು. ಎಂಟು ಎಕರೆ ಸೌದೆ ಮನೆಯ ಮುಂದೆಯೇ ಬಿದ್ದಿದೆ ಎಂಬುದು ಮಾವನಿಗೆ ಆ ಸಂಜೆ ಹೊಳೆಯಿತು. ಹೊಳೆಯಿಸಿದವನು ನಾನು.

ಎರಡು ದಿನದಲ್ಲಿ ಕೆಲಸ ಶುರುವಾಯಿತು. ಹಡ್ಲು ಪೂರ್ತಿ ಒಣಗಲೆಂದು ಮೊದಲು ಕೆಳಗಿನ ಅಂಚಿನಲ್ಲಿ ಆಳವಾದ ಕಾಲುವೆ ಕಡಿಯಬೇಕೆಂದರು ಮಾವ. ದಾರ ಹಿಡಿದು, ಗೂಟ ನೆಟ್ಟು, ಕಾಲುವೆಯ ಗೆರೆ ಹಾಕಿಕೊಟ್ಟವನೂ ನಾನೇ. ಬಗನಿ ಗುಂಡಿಯಿಂದ ಅದು ಮೂವತ್ತು ಮಾರು ದೂರವಿತ್ತು. ಅಷ್ಟು ದೂರ ಸಾಕು ಎಂದುಕೊಂಡೆ. ಯಾವ ಆಧಾರದ ಮೇಲೆ ಹಾಗಂದುಕೊಂಡೆನೋ ದಿನಚರಿಯಲ್ಲಿಲ್ಲ. ಎಲ್ಲಕ್ಕೂ ಕಾರಣ ಬರೆಯುತ್ತಿದ್ದವನು ಅದಕ್ಕೊಂದಕ್ಕೆ ಬರೆದಿಲ್ಲ.

ಅಗೆಯಲು ಬಂದವರು ಹಾಡಿಯ ಗಂಡಸರೇ. ಬೇಸಿಗೆಯಲ್ಲಿ ಬೇರೆ ಕೂಲಿ ಇರಲಿಲ್ಲ. ದೊಡ್ಡವ್ವ ಮಾತ್ರ ಮೊದಲ ದಿನವೇ ಮಾವನ ಎದುರಿಗೆ ಬಂದು ನಿಂತರು.

“ಗೌಡ್ರೇ, ಹಡ್ಲು ನೀರ್ ಇಡ್ಕೊಂಡು ಕೂತದೆ. ಅದುನ್ನ ಕುಯ್ದ್ರೆ ನಮ್ಮ ಗುಂಡಿ ಓಯ್ತದೆ.”

“ನಿನ್ ಗುಂಡಿ ಅಲ್ಲೆಲ್ಲೋ ಅದೆ. ನಾ ಅಗೀತಿರೋದು ಇಲ್ಲಿ. ನಿನ್ ಬಗನಿ ಬಳೆ ಮುಟ್ಟುದ್ರೆ ಕೇಳು.”

“ಅಸೀನ ಕೆಚ್ಚಲು ಇಲ್ದೆ ಬರೀ ಮೊಲೇಲಿ ಆಲ್ ಬತ್ತದಾ, ನೀವೇ ಏಳಿ.”

ಅಗೆಯುತ್ತಿದ್ದವರು ನಕ್ಕರು. ಮಾವನೂ ನಕ್ಕು, ನನ್ನತ್ತ ಕೈ ತೋರಿಸಿದರು. “ನಮ್ಮ ಲೆಕ್ಕದಪ್ಪ ಅವ್ನೆ ಕಣವ್ವ, ದಿನಾ ನೋಡ್ಕತಾನೆ. ಗುಂಡಿ ಇಳಿದ್ರೆ ಏಳ್ತಾನೆ ಬುಡು.”

ದೊಡ್ಡವ್ವ ನನ್ನ ಮುಖ ನೋಡಿದರು. “ಏಳ್ತೀಯಾ ಮಗಾ?”

“ಹೇಳ್ತೀನಿ ದೊಡ್ಡವ್ವ.”

ಅವರ ಮಗಳು ಆಗ ಬಸುರಿ. ಮೃಗಶಿರ ಮಳೆಯ ಹೊತ್ತಿಗೆ ಹೆರಿಗೆ ಆಗಬಹುದೆಂದು ಹೇಳುತ್ತಿದ್ದರು. ಬಾಣಂತಿ ಮನೆಗೆ ನೀರು ಇನ್ನೂ ಹೆಚ್ಚು ಬೇಕು ಎಂದಷ್ಟೇ ಹೇಳಿ ಹೋದರು.

ಕಾಲುವೆಯ ಗೋಡೆ ನೋಡಲು ನಾನು ದಿನವೂ ಇಳಿಯುತ್ತಿದ್ದೆ. ಬೇರೆಲ್ಲೂ ಅಂಥದ್ದನ್ನು ಕಂಡಿಲ್ಲ. ಗುದ್ದಲಿ ಕಡಿದ ಕಡೆ ಮಣ್ಣು ಪಟ್ಟೆ ಪಟ್ಟೆಯಾಗಿತ್ತು. ಮಳೆ ಚೆನ್ನಾಗಿ ಹೊಡೆದ ಕಾಲದ ಪಟ್ಟೆಗಳು ದಪ್ಪ, ಕರ್ರಗೆ, ನಾರುನಾರು. ಬರದ ಕಾಲದವು ತೆಳ್ಳಗೆ, ಬೂದುಬಣ್ಣ, ಹಿಟ್ಟಿನ ಹಾಗೆ ಉದುರುತ್ತಿದ್ದವು. ಎದೆಮಟ್ಟದ ಆಳದಲ್ಲಿ ಒಂದು ಎಲೆ ಸಿಕ್ಕಿತು. ನರ ನರವೂ ಇತ್ತು. ಇನ್ನೊಂದು ಕಡೆ ನೇರಳೆಯ ಬೀಜ, ಇಡಿಯಾಗಿ. ಮೇಲಿನ ಗಾಳಿ ತಾಕಿದ ಒಂದು ಗಂಟೆಯೊಳಗೆ ಎಲೆ ಸುರುಟಿ, ಬೆರಳಲ್ಲಿ ಮಸಿಯಾಯಿತು. ನೂರಾರು ಮಳೆಗಾಲ ಕೆಡದೆ ಇದ್ದದ್ದು ಒಂದು ಗಂಟೆಯಲ್ಲಿ ಮುಗಿಯಿತು. ಅದಕ್ಕಿಂತ ಹೇಸಿಗೆಯಾದದ್ದು, ಆ ಗೋಡೆಯಿಂದ ಒಸರುತ್ತಿದ್ದ ಕಂದು ರಸ. ಅದರ ಮೇಲೆ ಎಣ್ಣೆಯಂಥ ಬಣ್ಣಬಣ್ಣದ ಪೊರೆ. ತಳದಲ್ಲಿ ಸಾಯುತ್ತಿದ್ದ ಕೊರವ ಮೀನುಗಳು ಆ ರಸದಲ್ಲೇ ಬಾಯಿ ತೆರೆದು ಬಿದ್ದಿದ್ದವು. ನೊಣಗಳು ಮೀನನ್ನೂ ಮನುಷ್ಯರನ್ನೂ ಬೇರೆ ಬೇರೆ ಎಂದು ನೋಡುತ್ತಿರಲಿಲ್ಲ.

ಇಟ್ಟಿಗೆಯಂತೆ ಕೊಯ್ದ ಹೆಂಟೆಗಳನ್ನು ಬಿಸಿಲಿಗೆ ಜೋಡಿಸುತ್ತಿದ್ದರು. ಮೇ ಕೊನೆಯ ಹೊತ್ತಿಗೆ ನನ್ನ ಎಣಿಕೆಯಲ್ಲಿ ಆರು ಸಾವಿರದ ಇನ್ನೂರು. ನಾನು ಎಣಿಸುತ್ತಿದ್ದುದು ಹೆಂಟೆಯನ್ನು. ಗುಂಡಿಯ ಕಡೆ ಹೋಗುವುದು ಕಡಿಮೆಯಾಗಿತ್ತು. ದಿನಚರಿ ನೋಡಿದರೆ ಹನ್ನೆರಡು ದಿನ ಆ ಅಂಕಣ ಖಾಲಿ. ಹದಿಮೂರನೆಯ ದಿನ ಹೋದಾಗ ಅಂಚಿನಿಂದ ನೀರಿಗೆ ಎರಡು ಗೇಣು. ಪಕ್ಕದಲ್ಲಿ ಹೊಸ ಬುರುಡೆ, ಅದಕ್ಕೆ ಉದ್ದನೆಯ ಬಿದಿರ ಹಿಡಿ ಕಟ್ಟಿದ್ದರು. ನಾನು ಹೇಳುವ ಮೊದಲೇ ಅವರಿಗೆ ಗೊತ್ತಾಗಿತ್ತು.

ಮಾವನಿಗೆ ಹೇಳಿದೆ. “ಬೇಸ್ಗೇಲಿ ಯಾವ ಗುಂಡಿ ಇಳಿಯಲ್ಲ ಏಳು? ಮಳೆ ಬಂದ್ರೆ ತುಂಬ್ಕತದೆ,” ಎಂದರು. ದಿನಚರಿಯಿಂದ ಹಿಂದಿನ ಬೇಸಿಗೆಗಳ ಅಳತೆಗಳನ್ನು ಓದಿ ಹೇಳಿದೆ: ಐದು ಬೆರಳಿಗಿಂತ ಕೆಳಗೆ ಯಾವತ್ತೂ ಇಳಿದಿಲ್ಲ. “ಈಗ ಇಳಿದದೆ, ಬರ್ಕೊ,” ಎಂದರು.

ಮುಂಗಾರು ಬಂದಿತು, ಆದರೆ ಬಡವಾಗಿ. ಬಂದಷ್ಟು ನೀರೂ ಹಡ್ಲಿನಲ್ಲಿ ನಿಲ್ಲದೆ ನಾನು ದಾರ ಹಿಡಿದ ಕಾಲುವೆಯಲ್ಲಿ ಹರಿದು ಹೋಯಿತು. ದೊಡ್ಡವ್ವನ ಮಗಳು ಹೆತ್ತಳು, ಹೆಣ್ಣುಮಗು. ಗುಂಡಿ ಮೂರು ಗೇಣಿಗೆ ಇಳಿಯಿತು.

ಆಗಸ್ಟಿನಲ್ಲಿ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ತುಂಬಿ, ಹೆಂಟೆ ಹಾಕಿ ಹಚ್ಚಿದರು. ಬ್ಯಾರನ್ನಿನಲ್ಲಿ ಹೊಗೆ ಎಲೆಗೆ ತಾಕಬಾರದು. ಹೊಗೆ ತಗಡಿನ ಕೊಳವೆಯೊಳಗೇ ಸುತ್ತಿ ಹೊರಹೋಗಬೇಕು, ಕಾವು ಮಾತ್ರ ಎಲೆಗೆ. ಒಣಸೌದೆಗೆ ಆ ಕೊಳವೆ ಸಾಕು. ಹೆಂಟೆಯ ಹೊಗೆ ಬೇರೆ. ಬೆಲ್ಲದ ಪಾಕದಂತೆ ದಪ್ಪ, ಜಿಗುಟು. ಮೊದಲ ದಿನವೇ ಬೂದಿ ಕಟ್ಟಿ ಕೊಳವೆ ಮುಚ್ಚಿಕೊಂಡಿತು. ಹೊಗೆ ಕೀಲುಕೀಲಿನಿಂದ ಒಳಗೆ ನುಗ್ಗಿತು. ಉಷ್ಣಮಾಪಕ ಏರಬೇಕಾದಲ್ಲಿ ಏರಲಿಲ್ಲ. ಮಾವ ಇನ್ನಷ್ಟು ತುರುಕಿದರು. ನಾಲ್ಕು ದಿನದಲ್ಲಿ ಸಾವಿರದ ನೂರು ಹೆಂಟೆ ಹೋಯಿತು. ಎಷ್ಟು ಮಳೆಗಾಲದ ಜೊಂಡು ಎಂದು ಲೆಕ್ಕ ಹಾಕಲು ಕೂತವನು ಅರ್ಧಕ್ಕೆ ಬಿಟ್ಟೆ.

ಬಾಗಿಲು ತೆಗೆದಾಗ ಎಲೆ ನಿಂಬೆಹಣ್ಣಿನ ಬಣ್ಣಕ್ಕೆ ಬಂದಿರಲಿಲ್ಲ. ಕೆಸರಲ್ಲಿ ಹೊರಳಿದ ಎಮ್ಮೆಯ ಬೆನ್ನಿನ ಹಾಗಿತ್ತು. ಮಾವ ಒಂದು ಎಲೆ ಮೂಸಿದರು. ಇನ್ನೊಂದು ಮೂಸಿದರು. ಅತ್ತೆ ಅಂಗಳದಿಂದಲೇ ಕೂಗಿದರು: “ಎಷ್ಟ್ ಮೂಸುದ್ರೂ ಅದೇಯ. ಇಲ್ಲಿಗೇ ಒಡೀತಾ ಅದೆ!”

“ಎರಡ್ ದಿನ ಗಾಳೀಗಾಕುದ್ರೆ ಓಯ್ತದೆ, ಬಾಯ್ ಮುಚ್ಕೊ,” ಎಂದರು ಮಾವ.

ಎರಡು ದಿನ ಗಾಳಿಗೆ ಹಾಕಿ, ಗಾಡಿ ಕಟ್ಟಿಸಿ, ನನ್ನನ್ನೂ ಕೂರಿಸಿಕೊಂಡು ಹುಣಸೂರಿನ ಹೊಗೆಸೊಪ್ಪು ಡಿಪೋಗೆ ಹೋದರು. ಎಲೆಯ ದರ್ಜೆ ಹೇಳುವ ಕನ್ನಡಕದ ಮನುಷ್ಯ ಕಟ್ಟು ಬಿಚ್ಚಿಸಿ ಮುಖ ಹತ್ತಿರ ತಂದವನು ತಟ್ಟನೆ ಹಿಂದೆ ಸರಿದು ಪಕ್ಕಕ್ಕೆ ತಿರುಗಿ ಉಗಿದ.

“ಏನ್ ಯಜಮಾನ್ರೇ, ಸುಡುಗಾಡಲ್ಲಿ ಬೇಯ್ಸುದ್ರಾ?”

ಸುತ್ತ ಇದ್ದ ರೈತರು ಬಂದು ಒಬ್ಬೊಬ್ಬರಾಗಿ ಮೂಸಿ ನಕ್ಕರು. ಪಿರಿಯಾಪಟ್ಟಣದ ಕಡೆಯವನೊಬ್ಬ, “ಇದುನ್ನ ಸೇದುದ್ರೆ ಕೆಮ್ಮಲ್ಲ ಕಣ್ರಪ್ಪೋ, ಸೀದಾ ಮಣ್ಣೇ,” ಎಂದ. ಕಟ್ಟುಗಳನ್ನು ಹಾಗೇ ವಾಪಸ್ಸು ಗಾಡಿಗೆ ಹಾಕಿದೆವು. ದಾರಿಯುದ್ದಕ್ಕೂ ನಾವು ಗಾಳಿಯ ಎದುರಿಗೆ ಹೋಗುತ್ತಿದ್ದರಿಂದ ನಾತ ಹಿಂದೆ ಉಳಿಯಿತು. ತಿರುವಿನಲ್ಲಿ ಮಾತ್ರ ಮುಂದೆ ಬರುತ್ತಿತ್ತು. ಅಂಥ ತಿರುವುಗಳು ಒಂಬತ್ತು.

ಮಾವ ಅಷ್ಟಕ್ಕೆ ಬುದ್ಧಿ ಕಲಿತರು ಎಂದುಕೊಂಡಿದ್ದೆ. ಮನೆ ತಲುಪುವ ಮೊದಲೇ ಅವರಿಗೆ ಬೇರೆ ಯೋಚನೆ ಬಂದಿತ್ತು. “ಹೆಂಟೆ ಸರ್ಯಾಗಿ ಒಣಗಿಲ್ಲ ಕಣ್ಲಾ. ಅದೇ ತಪ್ಪು. ಕಾಲುವೆ ಇನ್ನೊಂದು ಗಜ ಆಳ ತಗೀಬೇಕು.” ನಾನು ಮಾತಾಡಲಿಲ್ಲ. ಆ ಮೌನವೂ ದಿನಚರಿಯಲ್ಲಿದೆ: ‘ಮಾವ ಕಾಲುವೆ ಆಳ ಮಾಡುವ ಮಾತಾಡಿದರು. ನಾನು ಸುಮ್ಮನಿದ್ದೆ.’ ಓದಿದಾಗಲೆಲ್ಲ ಮೈ ಮೇಲೆ ಜಿಗಣೆ ಹರಿದಂತಾಗುತ್ತದೆ.

ಮೂರನೆಯ ದಿನ ಬೆಳಿಗ್ಗೆ ದೊಡ್ಡವ್ವ ಅಂಗಳಕ್ಕೆ ಬಂದರು. ತಲೆಯ ಮೇಲೆ ಕೊಡ. ಮಾವ ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ದೊಡ್ಡವ್ವ ಕೊಡವನ್ನು ಮಾವನ ಕಾಲ ಬುಡದಲ್ಲಿ ಇಳಿಸಿ ಬಾಯಿಯ ಮೇಲಿನ ಎಲೆ ತೆಗೆದರು. ನೀರು ಚಹಾದ ಬಣ್ಣಕ್ಕಿತ್ತು. ಮೇಲೆ ಕಾಲುವೆಯಲ್ಲಿ ಕಂಡ ಅದೇ ಬಣ್ಣದ ಪೊರೆ. ಮಾವನ ಟವೆಲ್ಲು ತಾನಾಗಿಯೇ ಮೂಗಿಗೆ ಹೋಯಿತು.

“ಮೂಗ್ ಮುಚ್ಬೇಡಿ ಗೌಡ್ರೇ. ನಮ್ಮ ಮನೆ ಬಾಣಂತಿ ಇದುನ್ನೇ ಕುಡೀತಾವ್ಳೆ. ಕೂಸ್‌ಗೆ ಮೂರ್ ದಿನ್ದಿಂದ ಭೇದಿ.”

“ನಾನೇನ್ ಮಾಡ್ಲವ್ವ? ಕಾಯ್ಸಿ ಕುಡೀರಿ.”

“ಕಾಯ್ಸುದ್ರೆ ಇನ್ನೂ ನಾರ್ತದೆ. ಒಂದ್ ಗುಟುಕು ಕುಡ್ದು ನೋಡಿ. ನೀವು ಕುಡುದ್ರೆ ನಾ ಸುಮ್ಕೆ ಓಯ್ತೀನಿ, ಮತ್ತೆ ಬಾಯ್ ಬುಡಾಕಿಲ್ಲ.”

ಅವರ ಕೈಯಲ್ಲಿ ಬುರುಡೆ ಇತ್ತು. ಮೊಗೆದು ಚಾಚಿದರು. ಮಾವ ಅತ್ತ ಇತ್ತ ನೋಡಿ, “ಬೆಳಿಗ್ಗೆ ಬೆಳಿಗ್ಗೆ ಏನಿದು ಗೋಳು,” ಎಂದು ಎದ್ದು ನಿಂತರು. ಬುರುಡೆ ಗಾಳಿಯಲ್ಲೇ ಉಳಿಯಿತು. ಹೇಳ್ತೀನಿ ಎಂದು ಮಾತು ಕೊಟ್ಟವನು ನಾನು. ಕಂಬಕ್ಕೊರಗಿ ನಿಂತಿದ್ದೆ. ಮುಂದೆ ಹೋಗಿ ಇಸಿದುಕೊಂಡು ಕುಡಿದೆ.

ನಾಲಿಗೆಗೆ ಮೊದಲು ತಾಕಿದ್ದು ತುಕ್ಕು. ಆಮೇಲೆ ನುಣ್ಣನೆ ಜಾರುವುದೊಂದು, ಬಾಯೊಳಗೆ ಯಾರೋ ಬೆರಳಿಟ್ಟ ಹಾಗೆ. ನುಂಗಿದೆ. ಎರಡನೆಯ ಗುಟುಕು ಇಳಿಯಲಿಲ್ಲ. ತುಳಸಿಕಟ್ಟೆಯ ಪಕ್ಕ ಬಗ್ಗಿ ಬೆಳಗಿನ ರೊಟ್ಟಿಯ ಸಮೇತ ಎಲ್ಲ ಕಾರಿಕೊಂಡೆ. ದೊಡ್ಡವ್ವ ಬೆನ್ನು ನೀವಲಿಲ್ಲ. “ನೋಡ್ದ್ರಾ, ನಿಮ್ಮ ಮನೆ ಉಡುಗಂಗೇ ದಕ್ಕಲಿಲ್ಲ,” ಎಂದು ಮಾವನಿಗೆ ಹೇಳಿದರು.

“ಥೂ, ಮಾನ ಕಳೀತೀಯಲ್ಲಲಾ!” ಎಂದರು ಮಾವ, ನನಗೆ.

ಬಾಯಿ ಒರೆಸಿಕೊಂಡು ಹೇಳಿದೆ: “ಕಾಲುವೆ ಮುಚ್ಚಬೇಕು ಮಾವ. ಗೆರೆ ಹಾಕಿದವನು ನಾನು, ಮುಚ್ಚೋದೂ ನಾನೇ ಮುಚ್ತೀನಿ.”

ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, “ಆ ಹೆಂಟೆ ರಾಶೀನೂ ಎತ್ಕೊಂಡೋಗಿ ಅದುಕ್ಕೇ ಸುರಿ. ಇನ್ ನನ್ ಕಣ್ಣಿಗ್ ಬೀಳ್ಬಾರ್ದು,” ಎಂದರು. ಅದು ದೊಡ್ಡವ್ವನಿಗಾಗಿ ಹೇಳಿದ ಮಾತಲ್ಲ, ಮಗುವಿಗಾಗಿಯೂ ಅಲ್ಲ. ಡಿಪೋದ ನಗು ಅವರ ಕಿವಿಯಲ್ಲಿ ಇನ್ನೂ ಇತ್ತು.

ಹಾಡಿಯ ಆರು ಜನ, ನಾನು, ಐದು ದಿನ. ಉಳಿದಿದ್ದ ಐದು ಸಾವಿರದ ಚಿಲ್ಲರೆ ಹೆಂಟೆಗಳನ್ನು ಕಾಲುವೆಗೆ ಜೋಡಿಸಿದೆವು. ಬಂದ ಜಾಗಕ್ಕೆ ಹೋದ ಮೇಲೆ ಮತ್ತೆ ಕೆಸರಾಗುತ್ತವೆ ಎಂದು ನಂಬಿದ್ದೆ. ಸೆಪ್ಟೆಂಬರ್ ಕೊನೆಗೆ ಒಂದು ಒಳ್ಳೆಯ ಮಳೆ ಬಿತ್ತು. ಓಡಿಹೋಗಿ ನೋಡಿದರೆ ಹೆಂಟೆಗಳು ನೀರು ಕುಡಿದಿರಲಿಲ್ಲ. ಸತ್ತ ಹಂದಿಗಳ ಹಾಗೆ ಒಂದಕ್ಕೊಂದು ತಾಗುತ್ತ ಕಾಲುವೆಯಲ್ಲಿ ತೇಲುತ್ತಿದ್ದವು. ಒಂದನ್ನು ಮುರಿದು ನೋಡಿದೆ. ಒಳಗೆ ಒಣಪುಡಿ. ಒಮ್ಮೆ ಹಾಗೆ ಬಿಸಿಲು ತಿಂದದ್ದು ಮತ್ತೆ ಹಡ್ಲಾಗುವುದಿಲ್ಲ ಎಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಎಲ್ಲವನ್ನೂ ಎತ್ತಿ ಹೊರಗೆ ಹಾಕಿ, ಹುತ್ತದ ಮಣ್ಣು ಮತ್ತು ಕಲ್ಲು ತುಂಬಿ, ತುಳಿದು, ಇನ್ನೊಮ್ಮೆ ಮುಚ್ಚಿದೆವು. ಇನ್ನೂ ಒಂಬತ್ತು ದಿನ.

ಈ ಸಲ ನೀರು ನಿಂತಿತು. ಅಕ್ಟೋಬರಿನಲ್ಲಿ ಗುಂಡಿ ಎರಡು ಗೇಣಿಗೆ ಏರಿತು, ಡಿಸೆಂಬರಿನಲ್ಲಿ ಆರು ಬೆರಳಿಗೆ. ಮಗುವಿನ ಭೇದಿ ನಿಂತಿತ್ತು, ಏಕೆಂದರೆ ಹಾಡಿಯವರು ಆಗಲೇ ಹೊಳೆಯಿಂದ ನೀರು ಹೊರುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ದೊಡ್ಡವ್ವ ಬಂದು ಗುಂಡಿಯಲ್ಲಿ ಮೊಗೆದು, ಬಾಯಲ್ಲಿ ಇಟ್ಟುಕೊಂಡು, ಉಗಿಯುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಅವರ ಮುಖ ನೋಡುತ್ತಿದ್ದೆ. ನೀರು ನೋಡಲು ತಿಳಿಯಾಗಿತ್ತು. “ಇನ್ನೂ ಅದೆ ಕಣ್ ಮಗಾ,” ಎನ್ನುತ್ತಿದ್ದರು. ಆರು ಸಲ ಹಾಗೆಂದರು.

ಫೆಬ್ರವರಿಯಲ್ಲಿ, ಏಳನೆಯ ಸಲ, ಬಾಯಲ್ಲಿಟ್ಟದ್ದನ್ನು ಉಗಿದು ನೇರ ಹೋಗಿ ಗಂಡಸರನ್ನು ಕರೆತಂದರು. ಬಗನಿಯ ಬಳೆಯ ಸುತ್ತ ಅಗೆದು, ಹಗ್ಗ ಹಾಕಿ ಎಳೆದರು. ನಾನೂ ಒಂದು ಕಡೆ ಹೆಗಲು ಕೊಟ್ಟೆ. ಅಷ್ಟು ವರ್ಷ ನೆಲದೊಳಗಿದ್ದ ಮರ, ಬೆರಳು ಹಾಕಿದಲ್ಲೆಲ್ಲ ಲೋಳೆ. ಅದೇ ನಾತ. ಅದು ಮೇಲೆ ಬಂದ ಕೂಡಲೇ ಸುತ್ತಲಿನ ಮಣ್ಣು ಕುಸಿದು ಗುಂಡಿ ಮುಚ್ಚಿಕೊಂಡಿತು. ಬಳೆಯನ್ನು ಬಿದಿರಿಗೆ ಕಟ್ಟಿ ನಾಲ್ವರು ಹೊತ್ತು ಹೊಳೆಯ ದಡಕ್ಕೆ ಒಯ್ದೆವು. ಮರಳಿನಿಂದ ಒಳಗೂ ಹೊರಗೂ ಉಜ್ಜಿದೆವು, ಮಧ್ಯಾಹ್ನದವರೆಗೆ. ಆಮೇಲೆ ದಡದ ಮರಳಿನಲ್ಲಿ ತೋಡಿ ಇಳಿಸಿದರು. ಮೊದಲು ಬಂದ ನೀರನ್ನು ದೊಡ್ಡವ್ವ ಮೊಗೆಮೊಗೆದು ಹೊರಗೆ ಚೆಲ್ಲಿದರು. ತಿಳಿಯಾದ ಮೇಲೆ ಮಗಳಿಗೆ ಕೊಟ್ಟರು. ಅವಳು ಕುಡಿದು, ಸ್ವಲ್ಪ ಬೆರಳಲ್ಲಿ ಅದ್ದಿ ಮಗುವಿನ ತುಟಿಗೆ ಸವರಿದಳು.

ವಾಪಸ್ಸು ಬರುವಾಗ ಅವಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ತಲೆಯ ಮೇಲೆ ತುಂಬಿದ ಕೊಡವಿಟ್ಟುಕೊಂಡು ದಿಬ್ಬ ಹತ್ತುತ್ತಿದ್ದಳು. ನಾನು ಹಿಂದೆ ಹೆಜ್ಜೆ ಎಣಿಸುತ್ತ ನಡೆದೆ. ಹಾಡಿಯಿಂದ ಹಳೆಯ ಗುಂಡಿಗೆ ನೂರ ತೊಂಬತ್ತು ಹೆಜ್ಜೆ ಇತ್ತು. ಇದು ಎರಡು ಸಾವಿರದ ಮುನ್ನೂರು. ಅರ್ಧ ದಾರಿಯಲ್ಲಿ ಅವಳು ಕೊಡ ಇಳಿಸಿ ದಣಿವಾರಿಸಿಕೊಂಡಳು. ನಾನು ಹೊರುತ್ತೇನೆಂದು ಕೈ ಚಾಚಿದೆ. ಅವಳು ನನ್ನ ಕೈಯನ್ನೊಮ್ಮೆ ನೋಡಿ, ಮೂಗು ಸ್ವಲ್ಪ ಸುಕ್ಕಿಸಿ, ಕೊಡವನ್ನು ತಾನೇ ಎತ್ತಿಕೊಂಡು ಹೋದಳು.